ಚೇಳಿನ ಕೆಳಗ

ಮೊದಲು ಆರೇ ಆರು ಗಾಡಿ.
ನಾಲ್ಕು ರಾಜದೂತ, ಒಂದು ಯೆಜ್ಡಿ,
ಮತ್ತ ದಸ್ತಗೀರನ ಬುಲೆಟ್. ಅದರ ಟಾಕಿಗೆ ಬಣ್ಣ ಇರಲಿಲ್ಲ,
ಪಾಲಿಶ್ ಕಾಣದ ಫರಶಿ ಹಂಗ ಬೂದಿ.

ಕಾರ್ಖಾನಿ ಭೋಂಗಾ ನಿಂತು ನಲವತ್ತು ದಿನಕ್ಕ
ಶಹಾಬಾದದ ಸ್ಟೇಷನ್ ರಸ್ತೆ, ನನ್ನ ಅಂಗಡಿಗೆ ಬಂದ್ರು.
ಕೈಯಾಗ ಆರು ಖಾಕಿ ಅಂಗಿ,
ಬೆನ್ನ ಮ್ಯಾಲ ಕಂಪನಿ ಹೆಸರು, ಕೆಂಪು ದಾರ.
'ಮಾಸ್ತರ, ಇದನ್ನ ಮುಚ್ಚು' ಅಂದ ಸ್ಯಾಮ್ಸನ್.
'ಏನರೆ ಕಡಿಯೋದು ಹಾಕು.'

ಕಡಿಯೋದಂದ್ರ ಚೇಳು.
ಖಣಿಯಾಗ ಕಲ್ಲೆತ್ತಿದಲ್ಲೆಲ್ಲಾ ಅದೇ,
ಬ್ಯಾರೆ ಏನು ನೋಡೀನಿ ನಾ?
ನೆಲದ ಫರಶಿ ಮ್ಯಾಲ ಖಡುಲೆ ಬರದು, ಹೊಲದೆ.
ಬಾಲ ಜರಾ ಸೊಟ್ಟ ಬಂತು.
ಇರಲಿ ಅಂದ್ರು. ಮುಂದ ಮೂವತ್ತು ವರ್ಷ
ಆ ಸೊಟ್ಟನ್ನೇ ನಕಲು ಮಾಡಿದೆ.

ಆಗ ಅವರದೇನೂ ಗುನ್ಹಾ ಇರಲಿಲ್ಲ.
ಹಾಜರಿ ಕೂಗೋ ಹೊತ್ತಿಗೆ ಗಾಡಿ ಒದೆಯೋದು,
ಮುಚ್ಚಿದ ಗೇಟಿನ ಮುಂದ ಮೂರು ಸುತ್ತು,
ವಾಡಿ ತನಕ ಹೋಗಿ ಚಹಾ ಕುಡದು ಬರೋದು.
ಪಾಳಿ ತಪ್ಪಿದ ಮೈಗೆ ಪಾಳಿ ಬೇಕಿತ್ತು, ಅಷ್ಟೇ.
ಕಾಗಿಣಾ ಸೇತುವೆ ಮ್ಯಾಲ ಸೈಲೆನ್ಸರ್ ಬಿಚ್ಚಿ ಹೊಡದ್ರ
ನನ್ನ ಹೆಂಡತಿ ಅನ್ನೋಳು:
ಪಾಪ, ಭೋಂಗಾ ನೆನಪಾಗ್ಯಾದ ಇವರಿಗೆ.

ಆದ್ರ ಪೆಟ್ರೋಲಿಗೆ ರೊಕ್ಕ ಯಾರು ಕೊಡಬೇಕು?
ನಿಂತ ಟ್ಯಾಂಕರಿಗೆ ಒಂದು ಪೈಪು ಇಳೀತು.
ಗಡಿ ದಾಟಿ ಟ್ಯೂಬಿನಾಗ ಸಿಂದಿ ಬಂತು.
ತುಕಾರಾಮ ರಾಠೋಡ ಸೇರಿದ, ಹತ್ತನೇತ್ತೆ ಪಾಸಾದವ,
ಕೆಂಪು ರಟ್ಟಿನ ವಹಿಯಾಗ ಲೆಕ್ಕ ಬರೆಯಾಕ ಕುಂತ.
ಲೆಕ್ಕದ ಹಿಂದಿನ ಪುಟಕ್ಕ ಕಾಯ್ದೆ ಬರದ:
ಹೊಸಬನಿಗೆ ಒಂದು ವರ್ಷ ಚೇಳಿಲ್ಲ.
ಖಾಲಿ ಬೆನ್ನಿನ ಹುಡುಗರು ಗಾಡಿ ತೊಳೀತಿದ್ರು,
ಯಾರ ಬಾಗಿಲು ಒದಿ ಅಂದ್ರ ಅವರದು.
ಅಳತಿ ತಗೊಳ್ಳುವಾಗ ಟೇಪು ಆ ಜಾಗಕ್ಕ ತಾಗಿದ್ರ ಸಾಕು,
ಉಸಿರು ಹಿಡೀತಿದ್ರು.

ಖಾಕಿ ಹೋಗಿ ಜೀನ್ಸ್, ಜೀನ್ಸ್ ಹೋಗಿ ರೆಕ್ಸಿನ್.
ಈ ಊರಿನ ಬಿಸಿಲಿಗೆ ರೆಕ್ಸಿನ್!
ಟಿವಿಯಾಗ ಯಾವ್ದೋ ದೇಶದ ಗಡ್ಡದವರನ್ನ ನೋಡಿ ಬಂದಿದ್ರು.
ಅಲ್ಲೂ ಲಡಾಯಿ ಮುಗಿಸಿ ಬಂದ ಸಿಪಾಯಿಗಳು
ಮನ್ಯಾಗ ನಿದ್ದಿ ಹತ್ತಲಾರದೆ ಗಾಡಿ ಹತ್ತಿದ್ರಂತ.
ಹೇಳಿದವ ತುಕಾರಾಮ, ನನಗೇನು ಗೊತ್ತು.
ನನಗ ಗೊತ್ತಿದ್ದದ್ದು ಕರಿ ದಾರ,
ಎರಡು ಲಡಿ ಇದ್ದದ್ದು ಇಪ್ಪತ್ತಾತು.

ಅರವತ್ತು ಗಾಡಿ ಆದ ವರ್ಷ ಸ್ಯಾಮ್ಸನ್ ಸತ್ತ.
ಜೇವರ್ಗಿ ರಸ್ತೆ, ತೊಗರಿ ತುಂಬಿದ ಟ್ರಾಕ್ಟರ್, ಹಿಂದ ದೀಪಿಲ್ಲ.
ಸಮಾಧಿ ತನಕ ಎಲ್ಲರೂ ಎಂಜಿನ್ ಬಂದ್ ಮಾಡಿ
ಗಾಡಿ ನೂಕಿಕೊಂಡು ನಡದ್ರು.
ಬರೀ ಚೈನಿನ ಸಪ್ಪಳ.

ಆಮ್ಯಾಲ ಇಲೆಕ್ಷನ್‌ದವರು ಬಂದ್ರು.
ತಲಿಗೆ ಇನ್ನೂರು, ಟಾಕಿ ಫುಲ್.
ಫ್ಲೆಕ್ಸಿನ ಮ್ಯಾಲ ದಸ್ತಗೀರ ಕೈ ಮುಗದು ನಿಂತ,
ಅವನ ತಂಬಾಕಿನ ಹಲ್ಲು ಬೆಳ್ಳಗ ಮಾಡಿದ್ರು.
ಈಗಿನವರು ಚೇಳನ್ನ ಹೈದರಾಬಾದಿಗೆ ಕಳಿಸಿ
ಕಂಪ್ಯೂಟರಿನಾಗ ಹೊಲಿಸ್ತಾರ. ಗಾಡಿ ಕಂತಿನ ಮ್ಯಾಲ.
ಕಂತು ತಪ್ಪಿದ್ರ ಗಾಡಿ ಎಳಕೊಂಡು ಹೋಗಾಕ ಬರೋರೂ
ಚೇಳಿನವರೇ.
ಬಾಲ ಸೀದಾ ಆಗ್ಯಾದ.

ನಿನ್ನಿ ಸ್ಯಾಮ್ಸನ್ನನ ಹೆಂಡತಿ ಎಸ್ತೇರಮ್ಮ ಬಂದಿದ್ದಳು,
ಮೊದಲಿನ ಆರರಾಗಿನ ಒಂದು ಖಾಕಿ ತಗೊಂಡು.
'ಕೌದಿಗೆ ಹಚ್ತೀನಿ. ಇದನ್ನ ಬಿಚ್ಚಿ ಕೊಡು,
ಮೊಮ್ಮಗಳು ಅಂಜತಾಳ.'
ಬ್ಲೇಡು ಹಿಡದು ಒಂದೊಂದೇ ಕಾಲು ಕೊಯ್ದೆ.
ಕೆಳಗ ಕೆಂಪು ದಾರ ಹಂಗೇ ಇತ್ತು,
ಬಿಸಿಲು ಕಾಣದ ಕೆಂಪು.
ಮುಚ್ಚು ಅಂದಿದ್ರು, ಕೀಳು ಅಂದಿರಲಿಲ್ಲ.

ಬೆರಳಿಟ್ಟು ಓದಿದಳು ಎಸ್ತೇರಮ್ಮ,
ಕಂಪನಿ ಹೆಸರು, ಅದರ ಕೆಳಗ ಟೋಕನ್ ನಂಬರ್.
'ಇದನ್ನೂ ಬಿಚ್ಚಲಿ?' ಅಂದೆ.

ಹೊರಗ ಯಾವನೋ ಹುಡುಗ
ಅಪ್ಪನ ಕಾಲದ ರಾಜದೂತ ಒದ್ದು ಒದ್ದು ಬೆವತಿದ್ದ.
ಶುರು ಆಗವಲ್ದು.
ಬಾಗಿಲಿಗೆ ಹೋಗಿ ಆಕಿ ಕೂಗಿದಳು:
'ಚೋಕ್ ಎಳೆಯೋ ತಮ್ಮಾ, ಮೊದಲು ಚೋಕ್!'